ಕಿಟಕಿಯಲ್ಲಿಟ್ಟ ಕೊಬ್ಬರಿ ಚೂರು

ಫೆಬ್ರವರಿ 10, ಸೋಮವಾರ

ಹಳದಿ ಅಂಕ 15.1. ನಿದ್ದೆ ಎರಡೂವರೆ ಗಂಟೆ, ಮೂರು ಕಂತಿನಲ್ಲಿ.

ತುರುವೇಕೆರೆಯ ತವರಿನಲ್ಲಿ ಬಾಣಂತನ ಮುಗಿಸಿ ಕಿಬ್ಬನಹಳ್ಳಿಯ ಈ ಮನೆಗೆ ಬಂದು ಐದು ದಿನವಾಯಿತು. ಪಾಪುವಿಗೆ ಮೂರು ತಿಂಗಳು ಎಂಟು ದಿನ. ಹುಟ್ಟಿದ ಮೂರನೇ ದಿನ ಮೈ ಹಳದಿಯಾಗಿದೆ ಎಂದು ಎರಡು ದಿನ ನೀಲಿ ದೀಪದ ಕೆಳಗೆ ಮಲಗಿಸಿದ್ದರು. ಆಮೇಲೆ ಡಾಕ್ಟರಮ್ಮ "ವಾಸಿಯಾಯ್ತು, ಇನ್ನು ಮರೆತುಬಿಡಿ" ಎಂದರು. ಮರೆಯುವುದಕ್ಕೆ ಮಾತ್ರ ಔಷಧಿ ಬರೆದುಕೊಡಲಿಲ್ಲ.

ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆಯಿಲ್ಲ. ಒಮ್ಮೆ ನೋಡಿದರೆ ಹಳದಿ, ಇನ್ನೊಮ್ಮೆ ನೋಡಿದರೆ ಕೆಂಪು, ಮೂರನೇ ಸಲ ನೋಡಲು ಬಗ್ಗುವಷ್ಟರಲ್ಲಿ ಎದ್ದು ಅಳುತ್ತದೆ. ಆದ್ದರಿಂದ ಅಳೆಯುವ ಕೆಲಸವನ್ನು ಜರಡಿಗೆ ಒಪ್ಪಿಸಿದ್ದೇನೆ. ತುಮಕೂರಿನ ಹಾಸ್ಟೆಲಿನಲ್ಲಿ ಕೊನೆಯ ವರ್ಷ ಶುರು ಮಾಡಿದ ನನ್ನ ಸಾಫ್ಟ್‌ವೇರ್ ಲೈಬ್ರರಿ. ಫೋಟೋದೊಳಗಿನ ಕಸ ಸೋಸುತ್ತದೆ ಎಂದು ಆ ಹೆಸರಿಟ್ಟೆ. ಮಸುಕು ತೆಗೆಯುತ್ತದೆ, ಬಣ್ಣ ಅಳೆಯುತ್ತದೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಪಾಪುವಿಗೆ ಎರೆದು ಕಿಟಕಿ ಪಕ್ಕದ ತೊಟ್ಟಿಲಲ್ಲಿ ಮಲಗಿಸಿದ ಮೇಲೆ, ಕೆನ್ನೆಯ ಒಂದು ಫೋಟೋ, ಒಂದು ಸಂಖ್ಯೆ. ಏರಿದರೆ ಹಳದಿಯ ಕಡೆಗೆ, ಇಳಿದರೆ ನೀಲಿಯ ಕಡೆಗೆ.

ಅತ್ತೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಏನವ್ವ ಅದು, ದಿನಾ ಮಗೀನ ಮಖದ ಮೇಲೆ ಫೋನ್ ಹಿಡೀತೀಯ?"

"ನನ್ನ ಲೈಬ್ರರಿ ಕೆಲಸ ಅತ್ತೆ."

"ಓ" ಎಂದು ಹೋದರು. ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ.

ಫೆಬ್ರವರಿ 12, ಬುಧವಾರ

ಹಳದಿ ಅಂಕ 14.3. ಮಧ್ಯಾಹ್ನ ಅದೇ ಕೆನ್ನೆ 16.8. ನಿದ್ದೆ ಎಷ್ಟೆಂದು ಎಣಿಸುವಷ್ಟು ಎಚ್ಚರ ನನಗಿರಲಿಲ್ಲ.

ಹತ್ತು ಗಂಟೆಗೆ ಜಗಲಿಯಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಕೊನೇ ಮನೆಯ ರೇವಣಸಿದ್ದಯ್ಯ ಮೇಷ್ಟ್ರು, ರಿಟೈರಾಗಿ ಒಂಬತ್ತು ವರ್ಷವಾದವರು. ಕಂಕುಳಲ್ಲಿ ಕನ್ನಡಕದ ಡಬ್ಬಿ.

"ಅಂಕಮ್ಮೋರು ಹೇಳಿದ್ರು, ಸೊಸೆ ಲೈಬ್ರರಿ ಇಟ್ಟವ್ರೆ ಅಂತ. ಸಂತೋಷ ಆಯ್ತು ಕಣಮ್ಮ. ಎಷ್ಟೊತ್ತಿಗೆ ಓಪನ್ನು?"

ನಾನು ಅರೆನಿದ್ದೆಯಲ್ಲಿದ್ದೆ. "ಅದು ಯಾವಾಗ್ಲೂ ಓಪನ್ನೇ ಸರ್" ಎಂದುಬಿಟ್ಟೆ.

ಅವರು ಆರಾಮವಾಗಿ ಕೂತರು. ಬರಿಗೈಲಿ ಕಳಿಸಲು ಮನಸ್ಸು ಬರದೆ ಪೆಟ್ಟಿಗೆಯಿಂದ ಸಿಕ್ಕಿದ ಒಂದೇ ಪುಸ್ತಕ ಕೊಟ್ಟೆ: ಚಿತ್ರ ಸಂಸ್ಕರಣೆಯ ಪಠ್ಯಪುಸ್ತಕ, ಇಂಗ್ಲಿಷಿನದು, ಏಳುನೂರು ಪುಟ. ಹೆಸರು ಬರೆದುಕೊಳ್ಳಮ್ಮ ಎಂದು ಒತ್ತಾಯ ಮಾಡಿ ಬರೆಸಿದರು.

ಅವರು ಹೋದ ಮೇಲೆ ಅತ್ತೆಯವರಿಗೆ ಬಿಡಿಸಿ ಹೇಳಿದೆ. ಇದು ಪುಸ್ತಕದ ಲೈಬ್ರರಿ ಅಲ್ಲ. ಕಂಪ್ಯೂಟರಿಗೆ ನಾನು ಬರೆದಿಟ್ಟ ಕೆಲಸಗಳ ಕಟ್ಟು. ಯಾವ ದೇಶದವರು ಬೇಕಾದರೂ ತೆಗೆದುಕೊಂಡು ಬಳಸಬಹುದು, ತಪ್ಪಿದ್ದರೆ ಹೇಳಬಹುದು, ತಿದ್ದಬಹುದು.

ಅತ್ತೆಯವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಯೋಚಿಸಿದರು. "ಅಂದ್ರೆ, ನೀನು ಮಾಡಿಡ್ತೀಯ. ಎಲ್ರೂ ಬಂದು ತಗೊಂಡು ಹೋಯ್ತಾರೆ. ಚೆಂದಾಗಿದ್ರೆ ಯಾರೂ ಮಾತಾಡಕಿಲ್ಲ. ಉಪ್ಪು ಕಮ್ಮಿ ಆದ್ರೆ ಮಾತ್ರ ಬತ್ತಾರೆ."

"ಹೂಂ ಅತ್ತೆ."

"ಅಡುಗೆಮನೆ ಕಣವ್ವ ಇದು. ಲೈಬ್ರರಿ ಅಂತ ಯಾಕಂತೀರಿ?"

ಐದು ವರ್ಷದಲ್ಲಿ ಜರಡಿಯ ಪರಿಚಯ ಪುಟಕ್ಕೆ ನನ್ನಿಂದ ಇಷ್ಟು ಚೆನ್ನಾಗಿ ಬರೆಯಲಾಗಿಲ್ಲ.

ಫೆಬ್ರವರಿ 14, ಶುಕ್ರವಾರ

ಹಳದಿ ಅಂಕ 14.9, ಹೊಸ ಅಳತೆ.

ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಂಕ ಯಾಕೆ ಹಾರುತ್ತದೆ ಎಂದು ಟೊಮಾಶ್‌ಗೆ ಬರೆದಿದ್ದೆ. ಟೊಮಾಶ್ ಝೆಕ್ ದೇಶದವನು. ಹಳೆಯ ಅಂಚೆ ಕಾರ್ಡುಗಳ ಬಣ್ಣ ಸರಿಮಾಡಲು ಜರಡಿ ಹಿಡಿದುಕೊಂಡ. ಆಮೇಲೆ ಜರಡಿಯೇ ಅವನನ್ನು ಹಿಡಿದುಕೊಂಡಿತು. ಈಗ ಅರ್ಧ ತಿದ್ದುಪಡಿ ಅವನದೇ. ಮುಖ ನೋಡಿಲ್ಲ. ನನಗೆ ಮಗುವಾಗಿದೆ ಎಂದು ಅವನಿಗೆ ಗೊತ್ತಿಲ್ಲ, ಟೈಪ್ ಮಾಡುವಾಗ ಬೆರಳು ತಪ್ಪುವುದು ಜಾಸ್ತಿಯಾಗಿದೆ ಎಂದಷ್ಟೇ ಗೊತ್ತು.

ಅವನು ಹೇಳಿದ್ದು ಸರಿ. ಬೆಳಕು ಬದಲಾದಂತೆ ಎಲ್ಲ ಬಣ್ಣವೂ ಬದಲಾಗುತ್ತದೆ. ಅದಕ್ಕೆ ಫೋಟೋದೊಳಗೆ ಒಂದು ಗೊತ್ತಿರುವ ಬಿಳಿ ಇಡಬೇಕು. 'ಇದು ಬಿಳಿ' ಎಂದು ಜರಡಿಗೆ ತೋರಿಸಿಕೊಟ್ಟರೆ ಅದಕ್ಕೆ ತಕ್ಕಂತೆ ಉಳಿದದ್ದನ್ನು ತೂಗಿಸಿಕೊಳ್ಳುತ್ತದೆ. ಕಾಗದ ಇಡಬೇಡ, ಅದಕ್ಕೆ ಹೊಳಪಿನ ಪುಡಿ ಹಾಕಿರುತ್ತಾರೆ, ಕಿಟಕಿ ಬೆಳಕಿನಲ್ಲಿ ನೀಲಿ ಮಿಂಚುತ್ತದೆ ಎಂದ. ಹೊಳಪಿಲ್ಲದ ಅಪ್ಪಟ ಬಿಳಿ ಬೇಕು.

ಮನೆಯೆಲ್ಲ ಹುಡುಕಿದೆ. ಗಂಡ ರಂಗನ ಬಿಳಿ ಪಂಚೆಗೆ ನೀಲಿ ಹಾಕಿದ್ದಾರೆ. ಗೋಡೆ ಯಾವ ಕಾಲದಲ್ಲೋ ಬಿಳಿಯಿತ್ತು. ಕೊನೆಗೆ ನಗು ಬಂತು. ಅಟ್ಟದ ತುಂಬ ಉಂಡೆ ಕೊಬ್ಬರಿ ಇಟ್ಟುಕೊಂಡು ಬಿಳಿ ಹುಡುಕುತ್ತಿದ್ದೇನೆ! ಒಂದು ಉಂಡೆ ಒಡೆದು, ಒಳಮೈಯಿಂದ ಎರಡು ಬೆರಳಗಲದ ಚೂರು ಕೊಯ್ದು, ತೊಟ್ಟಿಲ ಪಕ್ಕ ಕಿಟಕಿಯಲ್ಲಿಟ್ಟೆ. ಹೊಳಪಿಲ್ಲ, ಕಲೆಯಿಲ್ಲ. ಬೆಳಿಗ್ಗೆ 14.9, ಮಧ್ಯಾಹ್ನ 14.8! ಅಂಕ ನಿಂತಿತು.

ಒಣಗಿದ್ದು, ಕೆಡುವುದಿಲ್ಲ. ಅಳತೆಗೋಲು ದಿನಕ್ಕೊಂದು ಬದಲಾಗಬಾರದು. ಇದೇ ಚೂರನ್ನು ಯಾರೂ ಮುಟ್ಟದಂತೆ ಇಡುತ್ತೇನೆ. ಚೂರಿನ ಫೋಟೋವನ್ನು ದಿನಾ ಜರಡಿಯ ಪರೀಕ್ಷಾ ಚಿತ್ರಗಳ ಜೊತೆ ಏರಿಸುತ್ತೇನೆ. ಪಾಪುವಿನ ಕೆನ್ನೆಯನ್ನು ಯಾರಿಗೂ ಕಳಿಸುವುದಿಲ್ಲ, ಅದು ಓಪನ್ ಅಲ್ಲ.

ಫೆಬ್ರವರಿ 18, ಮಂಗಳವಾರ

13.2.

ಇಳಿಯುತ್ತಿದೆ! ನಾಲ್ಕು ದಿನದಲ್ಲಿ ಒಂದೂಮುಕ್ಕಾಲು. ಉಳಿದಿದ್ದ ಚೂರುಪಾರು ಹಳದಿಯೂ ಹೋಗುತ್ತಿದೆ. ಸಂತೋಷಕ್ಕೆ ರಂಗನಿಗೆ ಕ್ರಾಸಿನ ಅಂಗಡಿಗೆ ಫೋನ್ ಮಾಡಿದೆ. (ಬರೆಯುವಾಗ ರಂಗ, ಕರೆಯುವಾಗ 'ರೀ'. ಹೊರಗೆ ಮರ್ಯಾದೆ, ಒಳಗೆ ಸಲಿಗೆ.) ಅವನು ಸುಟ್ಟ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುತ್ತಿದ್ದ. "ಹದಿಮೂರಾ? ಒಳ್ಳೇದಾ ಕೆಟ್ಟದ್ದಾ, ಮೊದಲು ಅದು ಹೇಳು ಕಣೇ, ಆಮೇಲೆ ಖುಷಿ ಪಡ್ತೀನಿ" ಎಂದ.

ಅತ್ತೆಯವರು ಪಾಪುವನ್ನು ಎತ್ತಿಕೊಳ್ಳಲು ಬಂದವರು ಮೂಗು ಅರಳಿಸಿದರು. "ಏನೋ ಕಮಟು ವಾಸ್ನೆ ಹೊಡೀತೈತಲ್ಲ ಇಲ್ಲಿ."

ಪಾಪು ಹಾಲು ಕಕ್ಕಿದ್ದ ಬಟ್ಟೆಯನ್ನು ಆಗಷ್ಟೇ ಒಗೆದು ಹಾಕಿದ್ದೆ. ತೊಟ್ಟಿಲ ಬಟ್ಟೆಯೂ ಹೊಸದು. ಎಲ್ಲವನ್ನೂ ಇನ್ನೊಮ್ಮೆ ಒಗೆದೆ.

ಫೆಬ್ರವರಿ 21, ಶುಕ್ರವಾರ

11.0.

ಮೇಷ್ಟ್ರು ಪುಸ್ತಕ ವಾಪಸ್ ತಂದರು. ಪೂರ್ತಿ ನೋಡಿದರಂತೆ. "ಚಿತ್ರ ಚೆನ್ನಾಗವೆ ಕಣಮ್ಮ. ಕಥೆ ಮಾತ್ರ ಹಿಡೀಲಿಲ್ಲ. ಎಲ್ಲಾ ಪುಟದಾಗೂ ಅದೇ ಒಬ್ಬ ಹೆಂಗಸು, ಒಮ್ಮೆ ಮಸುಕು, ಒಮ್ಮೆ ಸ್ಪಷ್ಟ. ಕೊನೇಗಾದ್ರೂ ಅವಳಿಗೆ ಏನಾಯ್ತು ಅಂತ ಬರೆದಿಲ್ಲ."

ಇನ್ನೊಂದು ಕೊಡು ಎಂದರು. ಇನ್ನೊಂದು ಇರಲಿಲ್ಲ. ಅದನ್ನೇ ಮತ್ತೆ ಒಯ್ದರು.

ಅತ್ತೆಯವರು ಮತ್ತೆ ಕಮಟು ಎಂದರು. ಈ ಸಲ ನನ್ನ ಕಡೆ ತಿರುಗಿ.

ಫೆಬ್ರವರಿ 24, ಸೋಮವಾರ

8.1. ಮೂರು ಸಲ ತೆಗೆದೆ. 8.1, 8.0, 8.1.

ಇಳಿಯಲಿ ಎಂದು ಬೇಡಿಕೊಂಡವಳು ನಾನೇ. ಇಷ್ಟು ಇಳಿಯಲಿ ಎಂದು ಬೇಡಿಕೊಂಡಿರಲಿಲ್ಲ. ಇಳಿದರೆ ನೀಲಿಯ ಕಡೆಗೆ ಎಂದು ಮೊದಲ ದಿನವೇ ಬರೆದಿಟ್ಟಿದ್ದೇನೆ. ಮಗು ನೀಲಿಗಟ್ಟುವುದು ಎಂದರೆ ಏನೆಂದು ಫೋನಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ಹೃದಯ, ಉಸಿರು, ತೂತು, ಆಪರೇಷನ್.

ಪಾಪು ಕಾಲು ಒದೆಯುತ್ತಾ ನನ್ನನ್ನೇ ನೋಡಿ ನಕ್ಕಿತು. ತುಟಿ ನೋಡಿದೆ. ಜರಡಿಯಲ್ಲಿ ಅದೂ ನೀಲಿ.

ರಂಗ ಬಂದು ಕನ್ನಡಕ ಒರೆಸಿಕೊಂಡು ತುಂಬಾ ಹೊತ್ತು ನೋಡಿದ. "ಕೆಂಪಗಿದಾಳಲ್ಲೇ ಅನು."

"ನಿಮ್ಮ ಕಣ್ಣಿಗೆ ಕಾಣಲ್ಲ ರೀ."

"ಮತ್ತೆ ನಿನ್ನ ಕಣ್ಣಿಗೆ?"

ನನ್ನ ಕಣ್ಣಿಗೂ ಕಾಣುವುದಿಲ್ಲ. ಅದೇ ಭಯ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

6.4.

ಇವತ್ತು ಎಲ್ಲರೂ ಜಾಗರಣೆಗೆ ಸಿದ್ಧರಾಗುತ್ತಿದ್ದಾರೆ. ರಂಗ ಬೆಳಿಗ್ಗೆಯೇ ಆಕಳಿಸುತ್ತಾ ಅಭ್ಯಾಸ ಶುರು ಮಾಡಿದ. ನೂರಹದಿನೈದು ರಾತ್ರಿ ಜಾಗರಣೆ ಮಾಡಿದವಳಿಗೆ ಯಾರೂ ಒಂದು ಲೋಟ ಪಾನಕ ಕೊಟ್ಟಿಲ್ಲ.

ಟೊಮಾಶ್‌ನಿಂದ ಒಂದು ದೂರು ಬಂದಿದೆ. "ನೀವು ಏರಿಸಿರುವ ಬಿಳಿಯ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದೆ. ಸಂಜೆಯಾಗುತ್ತಿರುವ ಹಾಗೆ ಕಾಣುತ್ತಿದೆ. ಕೊಬ್ಬರಿ ಎಂದರೆ ಯಾವ ಕಂಪನಿಯ ಬಿಳಿ ಕಾರ್ಡ್? ನಿಮ್ಮ ಬಿಳಿ ನಿಜವಾಗಿಯೂ ಬಿಳಿಯೇ?"

ಕೋಪ ಬಂತು. ಮಗು ನೀಲಿಯಾಗುತ್ತಿರುವಾಗ ಇವನಿಗೆ ಬಿಳಿಯ ಚಿಂತೆ. "ಮೊದಲ ದಿನದಿಂದ ಅದೇ ಒಂದು ಚೂರು. ಒಂದು ದಿನವೂ ಬದಲಾಯಿಸಿಲ್ಲ" ಎಂದು ಬರೆದೆ. ಬಹಳ ಶಿಸ್ತಿನ ಉತ್ತರ ಎನಿಸಿತು.

ಫೆಬ್ರವರಿ 27, ಗುರುವಾರ

5.6. ಹೊರಟುಬಿಟ್ಟೆವು.

ಅತ್ತೆಯವರು ಏನೂ ಕೇಳಲಿಲ್ಲ. ಶಿವರಾತ್ರಿಯ ಉಪವಾಸ ಇನ್ನೂ ಬಿಟ್ಟಿರಲಿಲ್ಲ, ಸೆರಗು ಸಿಕ್ಕಿಸಿಕೊಂಡು ಆಟೋದಲ್ಲಿ ಮೊದಲು ಹತ್ತಿ ಕೂತವರು ಅವರೇ. ಪಾಪುವನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ತುರುವೇಕೆರೆ ಬರುವವರೆಗೆ ನಾನು ತುಟಿ ನೋಡುತ್ತಿದ್ದೆ, ಅವರು ನನ್ನನ್ನು ನೋಡುತ್ತಿದ್ದರು.

ಡಾಕ್ಟರಮ್ಮ ಪಾಪುವಿನ ಎದೆಗೆ ಕಿವಿಗೊಟ್ಟರು. ಕಾಲ್ಬೆರಳಿಗೆ ಸಣ್ಣ ಕ್ಲಿಪ್ಪು ಹಾಕಿದರು. ಆಮ್ಲಜನಕ ತೊಂಬತ್ತೊಂಬತ್ತು. ತೂಕ ಚೆನ್ನಾಗಿದೆ, ಉಸಿರು ಚೆನ್ನಾಗಿದೆ. ನಾನು ಫೋನ್ ತೆಗೆದು ಹದಿಮೂರು ದಿನದ ಗೆರೆ ತೋರಿಸಿದೆ, ಇಳಿಜಾರಿನಂತೆ ಬಿದ್ದದ್ದು. ಅವರು ಗೆರೆಯನ್ನು ನೋಡಿದರು, ಪಾಪುವನ್ನು ನೋಡಿದರು, ಆಮೇಲೆ ನನ್ನ ಕಣ್ಣಿನ ಕೆಳರೆಪ್ಪೆಯನ್ನು ಬೆರಳಲ್ಲಿ ಎಳೆದು ನೋಡಿದರು.

"ಮಗು ಗುಲಾಬಿ ಇದ್ದ ಹಾಗಿದೆ. ಬಿಳಿಚಿಕೊಂಡಿರೋದು ನೀವು. ದಿನಕ್ಕೆ ಎಷ್ಟು ಹೊತ್ತು ಮಲಗ್ತೀರಿ?"

ನಾನು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅತ್ತೆಯವರು ಹೇಳಿದರು: "ಅವಳು ಮಲಗಕಿಲ್ಲ ಡಾಕ್ಟ್ರೇ. ಮಗು ಮಲಗಿದ್ರೆ ಕಾಯ್ತಾ ಕೂತ್ಕತಾಳೆ. ನಾನು ಹೇಳಿದ್ರೆ ಅತ್ತೆ ಹೇಳಿದಂಗಾಯ್ತದೆ. ನೀವೇ ಹೇಳಿ."

ನನಗೆ ಕಬ್ಬಿಣದ ಮಾತ್ರೆ ಬರೆದರು. ಪಾಪುವಿಗೆ ಏನೂ ಬರೆಯಲಿಲ್ಲ. ವಾಪಸ್ ಬರುವಾಗ ಸಮಾಧಾನ ಆಗಬೇಕಿತ್ತು. ಆದರೆ ಕ್ಲಿಪ್ಪು ಒಂದು ಹೇಳುತ್ತದೆ, ಜರಡಿ ಒಂದು ಹೇಳುತ್ತದೆ. ಜರಡಿಯ ಒಂದೊಂದು ಸಾಲೂ ನಾನೇ ಬರೆದದ್ದು. ಎಲ್ಲಿ ಸುಳ್ಳು ಹೇಳಬಲ್ಲದು ಅದು?

ಫೆಬ್ರವರಿ 28, ಶುಕ್ರವಾರ

ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಹಿಡಿದು ನಿಂತಿದ್ದೆ. ಅತ್ತೆಯವರು ಪಾಪುವಿಗೆ ಎರೆದು ತಂದು ಮಲಗಿಸಿದರು. ಮತ್ತೆ ಮೂಗು ಅರಳಿತು. ಈ ಸಲ ಸುಮ್ಮನಾಗಲಿಲ್ಲ. ತೊಟ್ಟಿಲು ಮೂಸಿದರು, ಬಟ್ಟೆ ಮೂಸಿದರು, ನನ್ನ ಹೆಗಲನ್ನೂ ಮೂಸಿದರು. ನನಗೆ ಅಳು ಬರುವುದೊಂದು ಬಾಕಿ. ಕೊನೆಗೆ ಕಿಟಕಿಗೆ ಕೈ ಹಾಕಿದರು.

"ಇಲ್ಲೈತೆ ನೋಡು ಕಳ್ಳ!"

"ಅದನ್ನ ಮುಟ್ಟಬೇಡಿ ಅತ್ತೆ! ಅದು ಬಿಳಿ!"

ಅತ್ತೆಯವರು ಚೂರನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು. ಮದುವೆಗೆ ಮುಂಚೆಯೂ ಆಮೇಲೂ ಸೇರಿ ಹದಿನಾರು ವರ್ಷ ತಿಪಟೂರಿನ ಮಂಡಿಯಲ್ಲಿ ಕೂತು ಕೊಬ್ಬರಿ ಆರಿಸಿದವರು. ಬೆಳ್ಳಗಿನದು ಒಂದು ಗುಡ್ಡೆಗೆ, ಮಾಸಲು ಇನ್ನೊಂದು ಗುಡ್ಡೆಗೆ.

"ಇದಾ ಬಿಳಿ? ಯಾರವ್ವ ಹೇಳಿದ್ದು? ಕೊಯ್ದು ಗಾಳಿಗೆ, ಬಿಸಿಲಿಗೆ ಇಟ್ರೆ ಎಣ್ಣೆ ಬುಡಲ್ವಾ? ಹಳ್ದಿ ತಿರುಗಿ ಕಮಟು ಹಿಡಿದೈತೆ. ಎಷ್ಟು ದಿನ ಆಯ್ತು ಇಟ್ಟು?"

"ಹದಿನಾಲ್ಕು."

"ಅಯ್ಯೋ ನನ್ನವ್ವ! ಇಂಜಿನಿಯರಿಂಗ್ ಓದಿದೋಳೇ!"

ಅಟ್ಟದಿಂದ ಒಂದು ಉಂಡೆ ತಂದು, ಕಿವಿಯ ಹತ್ತಿರ ಅಲ್ಲಾಡಿಸುವ ಅಭ್ಯಾಸಕ್ಕೆ ಒಮ್ಮೆ ಅಲ್ಲಾಡಿಸಿ, ಒಡೆದು, ಒಂದು ಚೂರು ಕೊಯ್ದು ಹಳೆಯದರ ಪಕ್ಕ ಹಿಡಿದರು. ದಿನಾ ನೋಡುತ್ತಿದ್ದ ಚೂರು ಅದು, ಆದರೆ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ. ಹೊಸದರ ಮುಂದೆ ಹಳೆಯದು ಬೆಣ್ಣೆ ಕಾಯಿಸಿದ ಪಾತ್ರೆಯ ತಳದಂತಿತ್ತು.

ಹಳದಿಯನ್ನು ತೋರಿಸಿ ಇದೇ ಬಿಳಿ ಎಂದು ಜರಡಿಗೆ ದಿನಾ ಹೇಳಿದ್ದೇನೆ. ಪಾಪ, ಅದು ನಂಬಿದೆ. ನನ್ನ ಬಿಳಿ ಹಳದಿಯಾದಷ್ಟೂ ಅದು ಫೋಟೋಗೆ ನೀಲಿ ಬೆರೆಸಿ ಸರಿದೂಗಿಸಿದೆ. ಚೂರು ಹಳಸಿತು, ಪಾಪು ನೀಲಿಯಾಯಿತು.

ಹೊಸ ಚೂರು ಇಟ್ಟು ಫೋಟೋ ತೆಗೆದೆ. 14.8.

ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ. ಅತ್ತೆ ನನ್ನ ತಲೆ ನೇವರಿಸಿ, "ಹತ್ತು ದಿನದಿಂದ ಕಮಟು ಕಮಟು ಅಂತ ಬಡ್ಕೊಂತಿದೀನಿ" ಎಂದರು.

"ನೀವು ನನಗೆ ಅಂತಿದೀರಿ ಅನ್ಕೊಂಡೆ ಅತ್ತೆ."

"ನಿನಗ್ಯಾಕಂತೀನಿ? ನಿನ್ನ ಮೈಯಾಗೆ ಸೋಪಿನ ವಾಸ್ನೆ ಬುಟ್ರೆ ಬ್ಯಾರೆ ಇಲ್ಲ. ದಿನಕ್ಕೆ ನಾಕು ಸತಿ ಬಟ್ಟೆ ಒಗೀತೀಯ. ಅದ್ಯಾಕೆ ಅಂತ ನಾನು ಯೋಚ್ನೆ ಮಾಡ್ತಿದ್ದೆ."

ಮಾರ್ಚ್ 1, ಶನಿವಾರ

ಟೊಮಾಶ್‌ಗೆ ಎಲ್ಲ ಬರೆದೆ. ಕೊಬ್ಬರಿ ಕಂಪನಿಯಲ್ಲ, ತೆಂಗಿನಕಾಯಿಯ ಒಣಗಿದ ತಿರುಳು ಎಂದು. ಮಗು ಇದೆ ಎಂದು. ಅವನೂ ಬರೆದ: ಅವನಿಗೆ ಅವಳಿ, ಈಗ ಆರು ವರ್ಷ. ಮೊದಲ ವರ್ಷ ಅವರ ಉಸಿರು ಎಣಿಸಲು ಒಂದು ಪ್ರೋಗ್ರಾಮ್ ಬರೆದಿದ್ದನಂತೆ. ಎಣಿಸಿದ್ದು ಪೂರ್ತಿ ಫ್ಯಾನಿನ ಸುತ್ತು.

ಅವನ ದೂರು ಸರಿಯಿತ್ತು ಎಂದು ಒಪ್ಪಿಕೊಂಡು ಮುಚ್ಚಿದೆ. ಇಂಥ ದೂರಿಗೆ ನಮ್ಮಲ್ಲಿ ಇಶ್ಯೂ ಎನ್ನುತ್ತಾರೆ. ಮಧ್ಯಾಹ್ನ ರಂಗನಿಗೆ ಫೋನಿನಲ್ಲಿ ಹೇಳುತ್ತಿದ್ದೆ: "ಇಶ್ಯೂ ಕ್ಲೋಸ್ ಮಾಡಿಬಿಟ್ಟೆ ರೀ."

ಒಳಗಿಂದ ಪಾತ್ರೆ ಬಿದ್ದ ಸದ್ದು. ಅತ್ತೆ ಓಡಿ ಬಂದರು. "ಏನಂದೆ? ಒಂದೇ ಮಗೀಗೇ ಇಶ್ಯೂ ಕ್ಲೋಸಾ? ನನ್ನ ಒಂದು ಮಾತು ಕೇಳಬ್ಯಾಡ್ವಾ? ಆಸ್ಪತ್ರೆಗೆ ಹೋಗಿ ಬಂದಿದ್ದು ಇದಕ್ಕೇನಾ?"

ಫೋನಿನ ಆ ಕಡೆ ರಂಗ ನಕ್ಕೂ ನಕ್ಕೂ ಕೆಮ್ಮಿದ. ಅತ್ತೆಗೆ ತಿಳಿಸಿ ಹೇಳುವಷ್ಟರಲ್ಲಿ ಸಾರು ಉಕ್ಕಿತ್ತು. "ನಿಮ್ಮ ಅಡುಗೆಮನೆ ಮಾತು ನಿಮ್ಮ ಅಡುಗೆಮನೆಯಾಗೇ ಇರಲಿ, ನನ್ನ ಅಡುಗೆಮನೆ ಹಾಳಾಯ್ತು" ಎಂದರು.

ಮಾರ್ಚ್ 5, ಬುಧವಾರ

ಜರಡಿಯ ಹೊಸ ಆವೃತ್ತಿ ಹೊರಬಿತ್ತು. ಕೊನೆಯ ತಿದ್ದುಪಡಿಗಳನ್ನು ಟೊಮಾಶೇ ಸೇರಿಸಿದ, ನನಗೆ ಮಲಗು ಎಂದ. ಬಿಳಿಯನ್ನು ಎಂದು ಕೊಯ್ದದ್ದು ಎಂಬ ತಾರೀಕನ್ನು ಈಗ ಕೊಡಲೇಬೇಕು. ಎರಡು ದಿನಕ್ಕಿಂತ ಹಳೆಯದಾದರೆ ಜರಡಿ ಎಚ್ಚರಿಸುತ್ತದೆ. ಎಚ್ಚರಿಕೆಯ ಮಾತನ್ನು ಅತ್ತೆಯ ಬಾಯಿಂದಲೇ ತೆಗೆದುಕೊಂಡೆ: "ಇದಾ ಬಿಳಿ? ಯಾರು ಹೇಳಿದ್ದು?" ಟೊಮಾಶ್ ಅದನ್ನು ತನ್ನ ಭಾಷೆಗೂ ಹಾಕಿದ್ದಾನೆ.

ಕೆಲಸ ಮಾಡಿದವರ ಪಟ್ಟಿಯಲ್ಲಿ ಅಂಕಮ್ಮ ಎಂದು ಸೇರಿಸಿದೆ. ತೋರಿಸಿದಾಗ ಕನ್ನಡಕ ಹಾಕಿಕೊಂಡು ಓದಿದರು. "ಮಂಡಿಯಾಗೆ ಹದಿನಾರು ವರ್ಷ ಕೂತೆ, ಅಲ್ಲೆಲ್ಲೂ ನನ್ನ ಹೆಸರು ಬರೀಲಿಲ್ಲ ಕಣವ್ವ." ಕನ್ನಡಕ ತೆಗೆದು ಮಡಚುತ್ತಾ, "ಯಾವಾಗಾದ್ರೂ ಆ ಪರಂಗಿಯೋನು ಫೋನ್ ಮಾಡಿದ್ರೆ ನನಗೂ ಕೊಡು. ಕೊಬ್ಬರಿ ಬಿಸಿಲಿಗೆ ಇಡಬ್ಯಾಡ ಅಂತ ಹೇಳ್ತೀನಿ."

ದಿನಾ ಬೆಳಿಗ್ಗೆ ಹೊಸ ಚೂರು ಕೊಯ್ದು ಕಿಟಕಿಯಲ್ಲಿಡುತ್ತಾರೆ. ಯಾತಕ್ಕೆ ಎಂದು ಅವರೂ ಕೇಳುವುದಿಲ್ಲ, ನಾನೂ ನೆನಪಿಸಿಕೊಳ್ಳುವುದಿಲ್ಲ. ಹತ್ತು ಗಂಟೆಗೆ ಬೆಲ್ಲದ ಜೊತೆ ತಿಂದುಬಿಡುತ್ತೇನೆ.

ಮಾರ್ಚ್ 9, ಭಾನುವಾರ

ಪಾಪು ಇವತ್ತು ಮಗುಚಿಕೊಂಡಿತು. ಅರ್ಧಕ್ಕೆ ನಿಂತು, ಕೈ ಸಿಕ್ಕಿಹಾಕಿಕೊಂಡು, ಯಾರ ಮೇಲೋ ಕೋಪ ಮಾಡಿಕೊಂಡ ಹಾಗೆ ಮುಖ ಕೆಂಪು ಮಾಡಿಕೊಂಡು, ಆಮೇಲೆ ಪಟ್ಟನೆ. ಫೋನ್ ಯಾವ ರೂಮಿನಲ್ಲಿತ್ತೋ. ಕೆನ್ನೆಯಲ್ಲಿ ಚಾಪೆಯ ಗೆರೆ ಬಿದ್ದಿತ್ತು.

ಎರೆದ ಮೇಲೆ ಹಾಲು ಕುಡಿಸುತ್ತಾ ಸುಮ್ಮನೆ ಒರಗಿದ್ದೆ. ಎದ್ದಾಗ ಗೋಡೆಯ ಮೇಲಿನ ಬಿಸಿಲು ಆ ಕಡೆ ದಾಟಿತ್ತು. ಮೂರೂವರೆ. ಹೊಟ್ಟೆ ಚುರುಗುಟ್ಟುತ್ತಿತ್ತು. ತಲೆಯ ಹತ್ತಿರ ಆ ಏಳುನೂರು ಪುಟದ ಪುಸ್ತಕ ಇತ್ತು. ಮೇಷ್ಟ್ರು ಯಾವಾಗ ಬಂದರು ಎಂದು ಕೇಳಿದೆ.

ರಂಗ ಹೇಳಿದ. ಹನ್ನೊಂದಕ್ಕೆ ಬಂದರಂತೆ, ಮೂವತ್ತನೇ ಪುಟದಲ್ಲಿ ಒಂದು ಅನುಮಾನ ಕೇಳಬೇಕು ಎಂದು. ಅತ್ತೆ ಹೊಸಲಿಗೆ ಅಡ್ಡ ಕೂತು ಅವರೆಕಾಯಿ ಸುಲಿಯುತ್ತಿದ್ದರಂತೆ, ಎದ್ದು ದಾರಿ ಬಿಡಲಿಲ್ಲವಂತೆ.

"ಯಾವಾಗ್ಲೂ ಓಪನ್ನು ಅಂದಿದ್ರಲ್ಲ ನಿಮ್ಮ ಸೊಸೆ, ಅಂಕಮ್ಮೋರೇ?"

"ಮೆತ್ತಗೆ ಮಾತಾಡಿ ಮೇಷ್ಟ್ರೇ. ಲೈಬ್ರರಿ ಮಲಗೈತೆ."